ವಾರ್ಡಿನ ‘ಸಿಸ್ಟರ್’ ಎಲ್ಲಿಂದ ಬಂದರು? ನರ್ಸಿಂಗ್ ಹುದ್ದೆಗಳ ಹೆಸರಿನಲ್ಲಿ ಉಳಿದ ಧರ್ಮದ ಗುರುತು

ಬೆಳಗಾವಿ ಸೀಮೆಯ ಸರ್ಕಾರಿ ಆಸ್ಪತ್ರೆಗಳ ಡ್ಯೂಟಿ ಪಟ್ಟಿಯಲ್ಲಿ, ನೇಮಕಾತಿಯ ಪ್ರಕಟಣೆಗಳಲ್ಲಿ, ಕೊರಳಿಗೆ ಹಾಕಿಕೊಂಡ ಗುರುತಿನ ಚೀಟಿಯಲ್ಲಿ ಈಗ ‘ಶುಶ್ರೂಷಾಧಿಕಾರಿ’ ಎಂಬ ಹೆಸರು ಕಾಣುತ್ತದೆ. ಮೊದಲು ಅದೇ ಜಾಗದಲ್ಲಿ ‘ಸ್ಟಾಫ್ ನರ್ಸ್’ ಎಂದಿರುತ್ತಿತ್ತು. ರೋಗಿಯ ಕಡೆಯವರು ಮಾತ್ರ ಎರಡನ್ನೂ ಬಿಟ್ಟು ‘ಸಿಸ್ಟರ್’ ಎಂದೇ ಕರೆಯುತ್ತಾರೆ. ಹಳ್ಳಿಯಿಂದ ಬಂದ ಹಿರಿಯರ ಬಾಯಲ್ಲಿ ಅವರು ‘ನರ್ಸಬಾಯಿ’, ಗಂಡಸಾದರೆ ‘ಬ್ರದರ್’. ವಿಜಯಪುರ, ಬಾಗಲಕೋಟೆಯ ದವಾಖಾನಿಗಳಲ್ಲೂ ಇದೇ ರೂಢಿ.

ಕರೆಯುವ ಹೆಸರು ಯಾವುದಾದರೇನು ಎಂದು ಅನಿಸಬಹುದು. ಆದರೆ ಔಷಧ ತಪ್ಪಿತು, ಡಿಸ್ಚಾರ್ಜ್ ತಡವಾಯಿತು, ರಾತ್ರಿ ರೋಗಿಗೆ ಜಾಸ್ತಿಯಾಯಿತು ಅಂದಾಗ ಯಾರನ್ನು ಕೇಳಬೇಕು ಎನ್ನುವುದು ಈ ಹೆಸರುಗಳ ಮೇಲೆಯೇ ನಿಂತಿದೆ. ಮಗಳನ್ನೋ ಮಗನನ್ನೋ ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾಗೆ ಹಾಕಿ ಮುಂದೆ ಇಂಗ್ಲೆಂಡಿಗೆ, ಜರ್ಮನಿಗೆ ಕಳಿಸಬೇಕೆಂದಿರುವ ಮನೆಯವರಿಗೂ ಇದು ಬೇಕಾದ ವಿಷಯ, ಏಕೆಂದರೆ ಇಲ್ಲಿ ‘ಸಿಸ್ಟರ್’ ಎಂದರೆ ಒಂದು, ಅಲ್ಲಿ ಎಂದರೆ ಇನ್ನೊಂದು. ಈ ವ್ಯತ್ಯಾಸದ ಬೇರು ಆಸ್ಪತ್ರೆಯಲ್ಲಿಲ್ಲ. ಯುರೋಪಿನ ಕ್ರೈಸ್ತ ಸನ್ಯಾಸಿನಿಯರ ಮಠಗಳಲ್ಲಿದೆ.

ರೋಗಿಗೆ ಹಾಸಿಗೆ ಹಾಕಿದ್ದು ಮಠ

ಮೊದಲು ‘ಆಸ್ಪತ್ರೆ’ ಎಂಬ ಮಾತನ್ನೇ ನೋಡಿ. ಅದರ ಮೂಲವಾದ ‘ಹಾಸ್ಪಿಟಲ್’ ಪದ ‘ಹಾಸ್ಪೆಸ್’ ಎಂಬ ಲ್ಯಾಟಿನ್ ಶಬ್ದದಿಂದ ಬಂತು. ಅದಕ್ಕೆ ಅತಿಥಿ ಎಂದೂ ಅರ್ಥವಿದೆ, ಅತಿಥಿಗೆ ಆಸರೆ ಕೊಡುವವ ಎಂದೂ ಇದೆ. ಆರಂಭದಲ್ಲಿ ಅದು ವೈದ್ಯರು ಚಿಕಿತ್ಸೆ ಕೊಡುವ ಮನೆಯಾಗಿರಲಿಲ್ಲ. ದಿಕ್ಕಿಲ್ಲದವರು, ಯಾತ್ರಿಕರು, ಕುಷ್ಠರೋಗಿಗಳು, ಮುದುಕರು, ಬಸುರಿಯರು ಎಲ್ಲರಿಗೂ ಊಟ, ಹಾಸಿಗೆ, ಸ್ನಾನ ಸಿಗುವ ಧರ್ಮದ ಮನೆ ಅದು. ಇಂದಿನ ಟರ್ಕಿಯಲ್ಲಿರುವ ಸಿಸೇರಿಯಾದಲ್ಲಿ ಬೇಸಿಲ್ ಎಂಬ ಬಿಷಪ್ ಕ್ರಿ.ಶ. 370ರ ಸುಮಾರಿಗೆ ಇಂಥ ದೊಡ್ಡ ಸಂಸ್ಥೆ ಕಟ್ಟಿಸಿದ. ಅದಾದ ಇಪ್ಪತ್ತು ವರ್ಷಗಳಲ್ಲಿ ರೋಮಿನ ಫ್ಯಾಬಿಯೋಲಾ ಎಂಬ ಸಿರಿವಂತ ಹೆಣ್ಣುಮಗಳು ತನ್ನ ಆಸ್ತಿಯಿಂದ ರೋಗಿಗಳ ಮನೆ ತೆರೆದು, ತಾನೇ ಹುಣ್ಣು ತೊಳೆಯುತ್ತಿದ್ದಳು.

ಮಧ್ಯಯುಗಕ್ಕೆ ಬರುವ ಹೊತ್ತಿಗೆ ಈ ಕೆಲಸ ಬಹುಪಾಲು ಮಠಗಳ ಕೈಗೆ ಬಂದಿತ್ತು. ಪ್ಯಾರಿಸ್ಸಿನ ಅತಿ ಹಳೆಯ ಆಸ್ಪತ್ರೆಯ ಹೆಸರು ‘ಓಟೆಲ್ ದಿಯೂ’, ಅಂದರೆ ದೇವರ ಮನೆ. ಅಲ್ಲಿ ನೂರಾರು ವರ್ಷ ರೋಗಿಗಳನ್ನು ನೋಡಿಕೊಂಡವರು ಅಗಸ್ಟೀನಿಯನ್ ಪಂಥದ ಸನ್ಯಾಸಿನಿಯರು. ಮಠದ ಒಳಗೆ ಎಲ್ಲರೂ ಒಂದೇ ದೇವರ ಮಕ್ಕಳು ಎಂಬ ಭಾವನೆ, ಹಾಗಾಗಿ ಹೆಣ್ಣುಮಕ್ಕಳು ಒಬ್ಬರಿಗೊಬ್ಬರು ‘ಸಿಸ್ಟರ್’, ಗಂಡಸರು ‘ಬ್ರದರ್’, ಮಠದ ಮುಖ್ಯಸ್ಥೆ ‘ಮದರ್’. ರೋಗಿಯ ಕಣ್ಣಿಗೆ ಕಾಣುತ್ತಿದ್ದವಳು ಈ ಸಿಸ್ಟರ್. ಗಂಜಿ ಕುಡಿಸುವವಳು ಅವಳು, ಬಟ್ಟೆ ಬದಲಿಸುವವಳು ಅವಳು, ಕೊನೆಯ ಉಸಿರಿನ ಹೊತ್ತಿಗೆ ಪಕ್ಕದಲ್ಲಿ ಕೂತು ಪ್ರಾರ್ಥನೆ ಹೇಳುವವಳೂ ಅವಳೇ. ಬೆಳಗಾವಿಯ ಕ್ಯಾಂಪಿನ ಕಾನ್ವೆಂಟ್ ಶಾಲೆಗಳಲ್ಲಿ ಓದಿದವರಿಗೆ ಈ ಬಳಕೆ ಚೆನ್ನಾಗಿ ಗೊತ್ತು: ಅಲ್ಲಿ ಪಾಠ ಹೇಳುವ ಸನ್ಯಾಸಿನಿಯನ್ನು ಮಕ್ಕಳು ಇವತ್ತಿಗೂ ‘ಸಿಸ್ಟರ್’ ಎನ್ನುತ್ತಾರೆ. ಶಾಲೆಯ ಸಿಸ್ಟರ್, ವಾರ್ಡಿನ ಸಿಸ್ಟರ್ ಇಬ್ಬರ ಹೆಸರಿಗೂ ಮೂಲ ಒಂದೇ.

ಮಠ ಕೊಟ್ಟದ್ದು ಹೆಸರನ್ನಷ್ಟೇ ಅಲ್ಲ, ತರಬೇತಿಯ ಕ್ರಮವನ್ನೂ ಕೊಟ್ಟಿತು. ಬಾಗಲಕೋಟೆ ಜಿಲ್ಲೆಯ ಬಾದಾಮಿ ಹತ್ತಿರ ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಕಟ್ಟಿದ ಶಿವಯೋಗಮಂದಿರವನ್ನು ನೆನಪಿಸಿಕೊಂಡರೆ ಇದು ಬೇಗ ತಿಳಿಯುತ್ತದೆ. ಅಲ್ಲಿಗೆ ಬಂದ ವಟು ಮೊದಲ ದಿನವೇ ಸ್ವಾಮಿಯಾಗುವುದಿಲ್ಲ. ಹಿರಿಯರ ಕಣ್ಣಳತೆಯಲ್ಲಿ ವರ್ಷಗಟ್ಟಲೆ ಇದ್ದು, ನಡೆ ನುಡಿ ತಿದ್ದಿಕೊಂಡು, ಪಾಠ ಪೂಜೆ ಕಲಿತ ಮೇಲೆಯೇ ಮುಂದಿನ ಅಧಿಕಾರ. ಕ್ರೈಸ್ತ ಮಠಗಳಲ್ಲೂ ಹೊಸಬಳು ಮೊದಲು ‘ನೊವಿಸ್’ ಆಗಿ ಕನಿಷ್ಠ ಒಂದು ವರ್ಷ ಪರೀಕ್ಷೆಗೆ ಒಳಪಡುತ್ತಾಳೆ. ಆಮೇಲೆ ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತ ಸ್ವೀಕರಿಸಿ ಸಿಸ್ಟರ್ ಆಗುತ್ತಾಳೆ. ಮಠದೊಳಗೇ ವಾಸ, ಒಂದೇ ಬಗೆಯ ಉಡುಪು, ತಲೆಗೆ ಮುಸುಕು. ನರ್ಸಿಂಗ್ ಶಾಲೆಗಳ ಪ್ರೊಬೇಷನ್, ಹಾಸ್ಟೆಲ್ಲಿನ ಕಟ್ಟುಪಾಡು, ಯೂನಿಫಾರ್ಮ್, ತಲೆಯ ಟೊಪ್ಪಿಗೆ ಇವೆಲ್ಲ ಮುಂದೆ ಈ ಚೌಕಟ್ಟಿನಿಂದಲೇ ಹೊರಟವು.

ಮಠ ಮುಚ್ಚಿತು, ಹೆಸರು ಉಳಿಯಿತು

ಇಂಗ್ಲೆಂಡಿನಲ್ಲಿ ಒಂದು ವಿಚಿತ್ರ ನಡೆಯಿತು. ದೊರೆ ಎಂಟನೇ ಹೆನ್ರಿ ಪೋಪನ ಸಂಬಂಧ ಕಡಿದುಕೊಂಡು 1536ರಿಂದ 1540ರ ನಡುವೆ ದೇಶದ ಮಠಗಳನ್ನೆಲ್ಲ ಮುಚ್ಚಿಸಿದ. ಮಠದ ಜೊತೆಗೆ ಅವು ನಡೆಸುತ್ತಿದ್ದ ಆಸ್ಪತ್ರೆಗಳೂ ಹೋದವು. ಲಂಡನ್ನಿನ ಬೀದಿಯಲ್ಲಿ ರೋಗಿಗಳು ಬಿದ್ದಿರತೊಡಗಿದಾಗ ನಗರದ ಹಿರಿಯರು ದೊರೆಗೆ ಮೊರೆ ಹೋಗಿ, 1123ರಲ್ಲಿ ಸ್ಥಾಪನೆಯಾಗಿದ್ದ ಸೇಂಟ್ ಬಾರ್ಥೊಲೊಮ್ಯೂ ಆಸ್ಪತ್ರೆಯನ್ನು 1540ರ ದಶಕದಲ್ಲಿ ಮತ್ತೆ ನಡೆಸುವಂತೆ ಮಾಡಿದರು. ಸೇಂಟ್ ಥಾಮಸ್ ಆಸ್ಪತ್ರೆ 1550ರ ದಶಕದ ಆರಂಭದಲ್ಲಿ ಮತ್ತೆ ತೆರೆಯಿತು.

ಈಗ ಅಲ್ಲಿ ಸನ್ಯಾಸಿನಿಯರು ಇರಲಿಲ್ಲ. ಸಂಬಳಕ್ಕೆ ಸಾಮಾನ್ಯ ಹೆಂಗಸರನ್ನು ತೆಗೆದುಕೊಂಡರು. ಆದರೂ ಸೇಂಟ್ ಬಾರ್ಥೊಲೊಮ್ಯೂ ಆಸ್ಪತ್ರೆಯ ಹೊಸ ವ್ಯವಸ್ಥೆಯಲ್ಲಿ ಇದ್ದದ್ದು ಒಬ್ಬಳು ‘ಮೇಟ್ರನ್’, ಅವಳ ಕೈಕೆಳಗೆ ಹನ್ನೆರಡು ‘ಸಿಸ್ಟರ್’ಗಳು. ವ್ರತ ಹೋಯಿತು, ಮುಸುಕು ಹೋಯಿತು, ಹೆಸರು ಮಾತ್ರ ಕೆಲಸಕ್ಕೆ ಅಂಟಿಕೊಂಡಿತು. ಮುಂದೆ ಆಸ್ಪತ್ರೆಗಳು ಬೆಳೆದಂತೆ ಒಂದೊಂದು ವಾರ್ಡಿಗೆ ಒಬ್ಬ ಸಿಸ್ಟರ್ ಯಜಮಾನಿಯಾದಳು. ಅವಳ ಕೆಳಗೆ ನರ್ಸುಗಳು, ರಾತ್ರಿ ಕಾಯಲು ಬೇರೆಯವರು. ಇಂಗ್ಲೆಂಡಿನಲ್ಲಿ ‘ಸಿಸ್ಟರ್’ ಎಂದರೆ ವಾರ್ಡಿನ ಮುಖ್ಯಸ್ಥೆ ಎಂಬ ಅರ್ಥ ನೆಲೆಗೊಂಡದ್ದು ಹೀಗೆ.

ಲಂಡನ್ನಿನ ಈ ಹಳೆಯ ಆಸ್ಪತ್ರೆಗಳಲ್ಲಿ ವಾರ್ಡ್ ಸಿಸ್ಟರನ್ನು ಅವಳ ಸ್ವಂತ ಹೆಸರಿನಿಂದ ಕರೆಯುತ್ತಿರಲಿಲ್ಲ. ವಾರ್ಡಿನ ಹೆಸರೇ ಅವಳ ಹೆಸರು. ವಾರ್ಡಿನ ಹೆಸರು ‘ವಿಕ್ಟೋರಿಯಾ’ ಆಗಿದ್ದರೆ ಅವಳು ‘ಸಿಸ್ಟರ್ ವಿಕ್ಟೋರಿಯಾ’. ಅವಳು ಹೋಗಿ ಇನ್ನೊಬ್ಬಳು ಬಂದರೆ ಆ ಹೊಸಬಳೂ ಸಿಸ್ಟರ್ ವಿಕ್ಟೋರಿಯಾ. ಮಠ ಸೇರಿದವಳು ಹುಟ್ಟುಹೆಸರು ಬಿಟ್ಟು ಹೊಸ ಹೆಸರು ಪಡೆಯುವ ಪದ್ಧತಿಯನ್ನು ಇದು ನೆನಪಿಗೆ ತರುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ತಿದ್ದಬೇಕು. ನರ್ಸಿಂಗಿನ ಎಲ್ಲ ಹೆಸರುಗಳೂ ಧರ್ಮದಿಂದ ಬಂದವಲ್ಲ. ‘ನರ್ಸ್’ ಎಂಬ ಪದಕ್ಕೆ ಮೂಲ ಲ್ಯಾಟಿನ್ನಿನಲ್ಲಿ ಹಾಲೂಡಿಸುವವಳು, ಪೋಷಿಸುವವಳು ಎಂಬ ಅರ್ಥದ ಶಬ್ದ. ‘ಮೇಟ್ರನ್’ ರೋಮಿನ ಗೃಹಿಣಿಯ ಹೆಸರು: ಮದುವೆಯಾದ, ಮರ್ಯಾದಸ್ಥ ಮನೆತನದ ಹಿರಿಯ ಹೆಂಗಸು. ಮಠದ ‘ಮದರ್’ ಇದ್ದ ಜಾಗಕ್ಕೆ ಬಂದು ಕೂತಳು ಎನ್ನುವಷ್ಟೇ ಅವಳಿಗೂ ಮಠಕ್ಕೂ ಸಂಬಂಧ. ‘ಸ್ಟಾಫ್ ನರ್ಸ್’ ಅಂತೂ ಪೂರ್ತಿ ಕಚೇರಿಯ ಹೆಸರು.

‘ಸೂಪರಿಂಟೆಂಡೆಂಟ್’ ಮಾತ್ರ ಅಚ್ಚರಿ ಹುಟ್ಟಿಸುವಂಥದ್ದು. ಪೊಲೀಸ್ ಇಲಾಖೆ, ಜೈಲು, ಕಚೇರಿ ಎಲ್ಲ ಕಡೆ ಕೇಳುವ ಈ ಪದ ಇಂಗ್ಲಿಷಿನಲ್ಲಿ ಮೊದಲು ಬಳಕೆಗೆ ಬಂದದ್ದು ಚರ್ಚುಗಳ ಮೇಲ್ವಿಚಾರಕನ ಹೆಸರಾಗಿ, 16ನೇ ಶತಮಾನದಲ್ಲಿ. ಬಿಷಪ್ ಎಂಬ ಅರ್ಥದ ಗ್ರೀಕ್ ಪದಕ್ಕೆ ಲ್ಯಾಟಿನ್ನಿನಲ್ಲಿ ಮಾಡಿಕೊಂಡ ರೂಪ ಅದು. ಬೆಳಗಾವಿಯ ಮೆಥೋಡಿಸ್ಟ್ ಚರ್ಚಿನವರಿಗೆ ‘ಡಿಸ್ಟ್ರಿಕ್ಟ್ ಸೂಪರಿಂಟೆಂಡೆಂಟ್’ ಎಂದರೆ ಇವತ್ತಿಗೂ ಚರ್ಚಿನ ಹುದ್ದೆಯೇ. ಆಸ್ಪತ್ರೆಗಳು ಈ ಪದ ತೆಗೆದುಕೊಳ್ಳುವ ಹೊತ್ತಿಗೆ ಅದು ಆಡಳಿತದ ಸಾಮಾನ್ಯ ಪದವಾಗಿತ್ತು ಎನ್ನುವುದೂ ನಿಜ.

ಮಠದ ಗೋಡೆ ದಾಟಿದ ಸಿಸ್ಟರ್

ಕ್ಯಾಥೊಲಿಕ್ ದೇಶಗಳಲ್ಲಿ ಸಮಸ್ಯೆ ಬೇರೆ ಇತ್ತು. 16ನೇ ಶತಮಾನದ ನಿಯಮದಂತೆ ವ್ರತ ತೊಟ್ಟ ಸನ್ಯಾಸಿನಿ ಮಠದ ಗೋಡೆ ದಾಟುವಂತಿರಲಿಲ್ಲ. ಬಡವರ ಮನೆಗೆ ಹೋಗಿ ರೋಗಿಯನ್ನು ನೋಡಿಕೊಳ್ಳುವುದಾದರೂ ಹೇಗೆ? 1633ರಲ್ಲಿ ಪ್ಯಾರಿಸ್ಸಿನ ವಿನ್ಸೆಂಟ್ ದ ಪಾಲ್ ಮತ್ತು ಲೂಯಿಸ್ ದ ಮರಿಯಾಕ್ ಇದಕ್ಕೊಂದು ದಾರಿ ಹುಡುಕಿದರು. ಅವರು ಕಟ್ಟಿದ ‘ಡಾಟರ್ಸ್ ಆಫ್ ಚಾರಿಟಿ’ ಸಂಘದವರು ಕಾನೂನಿನ ಕಣ್ಣಿಗೆ ಸನ್ಯಾಸಿನಿಯರಲ್ಲ. ಅವರ ವ್ರತ ಜೀವನಪೂರ್ತಿಯದಲ್ಲ, ವರ್ಷಕ್ಕೊಮ್ಮೆ ನವೀಕರಿಸುವಂಥದ್ದು. ರೋಗಿಯ ಮನೆಯೇ ನಿಮ್ಮ ಮಠ, ಊರ ಬೀದಿಯೇ ನಿಮ್ಮ ಪ್ರಾಕಾರ ಎಂಬರ್ಥದ ಮಾತನ್ನು ವಿನ್ಸೆಂಟ್ ಅವರಿಗೆ ಹೇಳುತ್ತಿದ್ದ. ಗಂಜಿ ಹಾಕಿ ಗರಿಗರಿ ಮಾಡಿದ, ಎರಡೂ ಕಡೆ ರೆಕ್ಕೆಯಂತೆ ಚಾಚಿದ ಬಿಳಿ ಟೊಪ್ಪಿಗೆ ಇವರ ಗುರುತಾಯಿತು. ಅದನ್ನು ಅವರು ಬಿಟ್ಟದ್ದು 1964ರಲ್ಲಿ.

ಪ್ರಾಟೆಸ್ಟೆಂಟರಲ್ಲಿ ಮಠವೇ ಇರಲಿಲ್ಲ. ಅಲ್ಲಿ 1836ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್ ಎಂಬ ಸಣ್ಣ ಊರಿನಲ್ಲಿ ಪಾದ್ರಿ ಥಿಯೋಡರ್ ಫ್ಲೀಡ್ನರ್ ಮತ್ತು ಹೆಂಡತಿ ಫ್ರೆಡರಿಕೆ ‘ಡೀಕನೆಸ್’ ಎಂಬ ಹಳೆಯ ಹೆಸರಿಗೆ ಮತ್ತೆ ಜೀವ ಕೊಟ್ಟರು. ಬೈಬಲ್ಲಿನಲ್ಲಿ ಫೀಬೆ ಎಂಬ ಹೆಣ್ಣುಮಗಳಿಗೆ ಈ ವಿಶೇಷಣ ಇದೆ, ಅದರ ಅರ್ಥ ಸೇವಕಿ ಎಂದು. ಮದುವೆಯಾಗದ ಹುಡುಗಿಯರು ಇಲ್ಲಿಗೆ ಬಂದು ರೋಗಿಗಳ ಆರೈಕೆ ಕಲಿತರು. ಸಂಬಳವಿಲ್ಲ. ಊಟ, ಬಟ್ಟೆ, ಕೈಖರ್ಚು, ಮುಪ್ಪಿನಲ್ಲಿ ಆಸರೆ, ಇಷ್ಟು ಸಂಸ್ಥೆಯದು. ಸಂಸ್ಥೆಗೆ ‘ತಾಯಿಮನೆ’ ಎಂಬ ಅರ್ಥದ ಹೆಸರು, ಹುಡುಗಿಯರು ಪರಸ್ಪರ ಸಿಸ್ಟರುಗಳು. ಜರ್ಮನ್ ಭಾಷೆಯಲ್ಲಿ ನರ್ಸಿಗೆ ಬಹಳ ಕಾಲ ಇದ್ದ ಹೆಸರು ‘ಕ್ರಾಂಕೆನ್‌ಶ್ವೆಸ್ಟರ್’, ಅಂದರೆ ರೋಗಿಗಳ ಸಹೋದರಿ.

ನೈಟಿಂಗೇಲ್ ಉಳಿಸಿದ್ದೇನು, ಬಿಟ್ಟದ್ದೇನು

ಆಧುನಿಕ ನರ್ಸಿಂಗಿಗೆ ಅಡಿಪಾಯ ಹಾಕಿದ ಇಂಗ್ಲೆಂಡಿನ ಫ್ಲಾರೆನ್ಸ್ ನೈಟಿಂಗೇಲ್ 1851ರಲ್ಲಿ ಸುಮಾರು ಮೂರು ತಿಂಗಳು ಕಲಿತದ್ದು ಇದೇ ಕೈಸರ್ಸ್‌ವರ್ತಿನಲ್ಲಿ. 1854ರಲ್ಲಿ ಕ್ರಿಮಿಯಾ ಯುದ್ಧಕ್ಕೆ ಹೊರಟಾಗ ಅವಳ ಜೊತೆ 38 ಹೆಂಗಸರಿದ್ದರು. ಆ ಪಟ್ಟಿ ಅಂದಿನ ನರ್ಸಿಂಗಿನ ಸ್ಥಿತಿಯನ್ನೇ ಹೇಳುತ್ತದೆ. ಹತ್ತು ಮಂದಿ ಕ್ಯಾಥೊಲಿಕ್ ಸನ್ಯಾಸಿನಿಯರು, ಎಂಟು ಮಂದಿ ಇಂಗ್ಲೆಂಡಿನ ಆಂಗ್ಲಿಕನ್ ಚರ್ಚಿನ ಸಿಸ್ಟರುಗಳು, ಆರು ಮಂದಿ ಚರ್ಚಿಗೆ ಸೇರಿದ ತರಬೇತಿ ಸಂಸ್ಥೆಯೊಂದರವರು, ಉಳಿದ ಹದಿನಾಲ್ಕು ಮಂದಿ ಮಾತ್ರ ಆಸ್ಪತ್ರೆಗಳಲ್ಲಿ ಸಂಬಳಕ್ಕೆ ದುಡಿಯುತ್ತಿದ್ದವರು. ಅರ್ಧಕ್ಕಿಂತ ಹೆಚ್ಚು ಜನ ಧಾರ್ಮಿಕ ಸಂಸ್ಥೆಗಳಿಂದ ಬಂದವರು. ಯಾರು ಯಾರ ಮಾತು ಕೇಳಬೇಕು, ಸಾಯುವ ಸಿಪಾಯಿಗೆ ಯಾವ ಪಂಥದ ಪ್ರಾರ್ಥನೆ ಹೇಳಬೇಕು ಎಂಬ ಜಗಳ ಅಲ್ಲಿ ನಿಜವಾಗಿ ನಡೆಯಿತು. ಸರ್ಕಾರ ನೈಟಿಂಗೇಲಿಗೆ ಕೊಟ್ಟ ಹುದ್ದೆಯ ಹೆಸರು ‘ಸೂಪರಿಂಟೆಂಡೆಂಟ್’.

1860ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವಳ ನಿಧಿಯಿಂದ ಶಾಲೆ ಶುರುವಾಯಿತು. ಪಂಥ ಯಾವುದಾದರೂ ಸೇರಬಹುದು, ವ್ರತ ಇಲ್ಲ, ಕಲಿಯುವಾಗಲೇ ಸ್ವಲ್ಪ ಸಂಬಳ ಉಂಟು. ಇವು ಮೂರೂ ಮಠದ ಪದ್ಧತಿಯಿಂದ ದೂರ ಸರಿದ ಹೆಜ್ಜೆಗಳು. ಆದರೆ ಹೊಸಬಳಿಗೆ ‘ಪ್ರೊಬೇಷನರ್’ ಎಂಬ ಹೆಸರು, ಒಂದು ವರ್ಷದ ಪರೀಕ್ಷೆಯ ಕಾಲ, ಶಾಲೆಯ ಮನೆಯಲ್ಲೇ ವಾಸ, ಮೇಟ್ರನ್ನಿನ ಕಣ್ಗಾವಲು ಇವು ಉಳಿದವು. ಪ್ರತಿಯೊಬ್ಬ ಪ್ರೊಬೇಷನರಿನ ಮೇಲೆ ತಿಂಗಳಿಗೊಂದು ವರದಿ ಬರೆಯುತ್ತಿದ್ದರು. ಗಾಯಕ್ಕೆ ಪಟ್ಟಿ ಕಟ್ಟುವ ಕೌಶಲದ ಜೊತೆಗೆ ಸಮಯಪಾಲನೆ, ಸದ್ದಿಲ್ಲದ ನಡೆ, ನಂಬಿಕೆಗೆ ಅರ್ಹತೆ, ಮೈಬಟ್ಟೆಯ ಶುಚಿ ಇವಕ್ಕೂ ಅದರಲ್ಲಿ ಪ್ರತ್ಯೇಕ ಕಲಮುಗಳಿದ್ದವು. ಇಂದಿನ ನರ್ಸಿಂಗ್ ವಿದ್ಯಾರ್ಥಿಗಳ ವಾರ್ಡ್ ಮೌಲ್ಯಮಾಪನದ ಹಾಳೆಯಲ್ಲೂ ನಡವಳಿಕೆಗೆ ಅಂಕ ಇರುವುದನ್ನು ನೋಡಿದರೆ ಆ ಕಲಮುಗಳು ಎಷ್ಟು ದೂರ ಬಂದಿವೆ ಎಂದು ತಿಳಿಯುತ್ತದೆ.

‘ಬ್ರದರ್’ ಹೊಸ ಹೆಸರಲ್ಲ

ಗಂಡು ನರ್ಸು ಇತ್ತೀಚಿನ ಬದಲಾವಣೆ ಎಂದು ನಮ್ಮ ಕಡೆ ಹಲವರ ಭಾವನೆ. ಚರಿತ್ರೆ ಹಾಗಿಲ್ಲ. ಸ್ಪೇನಿನ ಗ್ರನಾಡಾದಲ್ಲಿ ಜಾನ್ ಆಫ್ ಗಾಡ್ ಎಂಬವನು 16ನೇ ಶತಮಾನದಲ್ಲಿ ಆಸ್ಪತ್ರೆ ತೆರೆದ, ಅವನ ಹಿಂಬಾಲಕರು ಇಂದಿಗೂ ‘ಬ್ರದರ್ಸ್ ಹಾಸ್ಪಿಟಲರ್ಸ್’. ಇಟಲಿಯ ಕಮಿಲ್ಲಸ್ ಕಟ್ಟಿದ, 1586ರಲ್ಲಿ ಪೋಪ್ ಒಪ್ಪಿಗೆ ಪಡೆದ ಸಂಘದವರು ಕಪ್ಪು ಅಂಗಿಯ ಎದೆಯ ಮೇಲೆ ಕೆಂಪು ಶಿಲುಬೆ ಧರಿಸುತ್ತಿದ್ದರು. ರೆಡ್ ಕ್ರಾಸ್ ಸಂಸ್ಥೆ ಹುಟ್ಟಿದ್ದು ಇದಾಗಿ ಸುಮಾರು ಮುನ್ನೂರು ವರ್ಷಗಳ ನಂತರ. ಉಳಿದ ಮೂರು ವ್ರತಗಳ ಜೊತೆ ಅವರಿಗೆ ನಾಲ್ಕನೆಯದೊಂದಿತ್ತು: ಪ್ರಾಣಕ್ಕೆ ಅಪಾಯವಿದ್ದರೂ ರೋಗಿಯನ್ನು ಬಿಡುವಂತಿಲ್ಲ. ಪ್ಲೇಗಿನ ಕಾಲದಲ್ಲಿ ಅದನ್ನು ನಡೆಸಿ ಸತ್ತವರು ಬಹಳ.

ನೈಟಿಂಗೇಲ್ ಮಾದರಿ ಬಂದ ಮೇಲೆ ಗಂಡಸರು ಬದಿಗೆ ಸರಿದರು. ಇಂಗ್ಲೆಂಡಿನ 1919ರ ನರ್ಸುಗಳ ನೋಂದಣಿ ಕಾನೂನು ಗಂಡಸರ ಹೆಸರನ್ನು ಬೇರೆಯೇ ಪಟ್ಟಿಯಲ್ಲಿ ಇಟ್ಟಿತು. ಅಲ್ಲಿ ಸಿಸ್ಟರಿಗೆ ಸಮನಾದ ಗಂಡಸಿನ ಹುದ್ದೆಗೆ ‘ಚಾರ್ಜ್ ನರ್ಸ್’ ಎಂದರು. ‘ಬ್ರದರ್’ ಎನ್ನುವುದನ್ನು ದಿನಬಳಕೆಯಲ್ಲಿ ಉಳಿಸಿಕೊಂಡವರು ನಾವು.

ನಮ್ಮ ಸೀಮೆಗೆ ಬಂದ ಬಗೆ

1888ರ ಫೆಬ್ರುವರಿಯಲ್ಲಿ ಹತ್ತು ಮಂದಿ ತರಬೇತಾದ ಬ್ರಿಟಿಷ್ ನರ್ಸುಗಳು ಮುಂಬಯಿಗೆ ಬಂದಿಳಿದರು. ದಂಡಿನ ಆಸ್ಪತ್ರೆಗಳಿಗೆ ಬಂದ ಇವರ ಸೇವೆಯಲ್ಲಿ ‘ಲೇಡಿ ಸೂಪರಿಂಟೆಂಡೆಂಟ್’, ‘ನರ್ಸಿಂಗ್ ಸಿಸ್ಟರ್’ ಎಂಬ ದರ್ಜೆಗಳಿದ್ದವು. ದಂಡು ಇದ್ದಲ್ಲಿ ಈ ಹೆಸರುಗಳಿಗೂ ಜಾಗವಾಯಿತು. ಬೆಳಗಾವಿ ಆಗಲೂ ದಂಡಿನ ಊರು.

ಇನ್ನೊಂದು ದಾರಿ ಮಿಷನ್ ಆಸ್ಪತ್ರೆಗಳದು. ಅಥಣಿ, ರಾಯಬಾಗ, ಚಿಕ್ಕೋಡಿ, ವಿಜಯಪುರ ಕಡೆಯ ಹಿರಿಯರನ್ನು ಕೇಳಿದರೆ ದೊಡ್ಡ ರೋಗಕ್ಕೆ ‘ಮಿರಜ ದವಾಖಾನಿ’ ಎನ್ನುತ್ತಾರೆ. ಅಮೆರಿಕನ್ ಪ್ರೆಸ್ಬಿಟೇರಿಯನ್ ಮಿಷನ್ನಿನ ಡಾ. ವಿಲಿಯಂ ವಾನ್ಲೆಸ್ 1894ರಲ್ಲಿ ಮಿರಜದಲ್ಲಿ ಆಸ್ಪತ್ರೆ ತೆರೆದರು, 19ನೇ ಶತಮಾನ ಮುಗಿಯುವ ಮೊದಲೇ ಅಲ್ಲಿ ನರ್ಸಿಂಗ್ ಕಲಿಸತೊಡಗಿದರು. ಬಾಗಲಕೋಟೆಯ ದಕ್ಷಿಣದವರಿಗೆ ಗದಗ-ಬೆಟಗೇರಿಯ ಬಾಸೆಲ್ ಮಿಷನ್ ಆಸ್ಪತ್ರೆ ಹತ್ತಿರವಾಗಿತ್ತು. ನರ್ಸಿಂಗ್ ಎಂಬ ಕೆಲಸವನ್ನು ಈ ಸೀಮೆಯ ಜನ ಕಣ್ಣಾರೆ ಕಂಡದ್ದು ಬಹುಮಟ್ಟಿಗೆ ಇಂಥ ಕಡೆ.

ಇಂಗ್ಲೆಂಡಿನಲ್ಲಿ ವಾರ್ಡಿನ ಮುಖ್ಯಸ್ಥೆಗೆ ಮಾತ್ರ ಸಲ್ಲುವ ಹೆಸರು ಇಲ್ಲಿ ಎಲ್ಲ ನರ್ಸುಗಳಿಗೂ ಏಕೆ ಬಂತು? ದಂಡಿನ ಆಸ್ಪತ್ರೆಯಲ್ಲಿ ಬ್ರಿಟಿಷ್ ನರ್ಸುಗಳೆಲ್ಲ ದರ್ಜೆಯಲ್ಲೇ ಸಿಸ್ಟರುಗಳು, ಕೆಳಗಿನ ಕೆಲಸ ಮಾಡುವವರು ಬೇರೆ. ಕ್ಯಾಥೊಲಿಕ್ ಆಸ್ಪತ್ರೆಗಳಲ್ಲಿ ನರ್ಸು ನಿಜವಾಗಿಯೂ ಸನ್ಯಾಸಿನಿ. ರೋಗಿ ಕಂಡ ಬಿಳಿ ಉಡುಪಿನ ಹೆಂಗಸರೆಲ್ಲ ಸಿಸ್ಟರುಗಳೇ ಆಗಿದ್ದಾಗ ಭೇದ ಎಲ್ಲಿಂದ ಬರಬೇಕು? ಅದೂ ಅಲ್ಲದೆ ಗುರುತಿಲ್ಲದ ಹೆಣ್ಣುಮಗಳನ್ನು ಹೆಸರು ಹಿಡಿದು ಕರೆಯದೆ ಅಕ್ಕ, ತಂಗಿ, ಬಾಯಿ ಎನ್ನುವುದು ನಮ್ಮ ಮರ್ಯಾದೆ. ಆ ಮರ್ಯಾದೆಗೆ ‘ಸಿಸ್ಟರ್’ ಸಲೀಸಾಗಿ ಹೊಂದಿಕೊಂಡಿತು. ಬೆಳಗಾವಿಯಲ್ಲಿ ವಾರ್ಡಿನ ಆಯಾಳನ್ನು ಮರಾಠಿ ರೂಢಿಯಂತೆ ‘ಮಾವಶಿ’, ಅಂದರೆ ಚಿಕ್ಕಮ್ಮ, ಎನ್ನುವುದೂ ಇದೇ ಜಾಡು, ಅದರಲ್ಲಿ ಧರ್ಮದ ಸಂಬಂಧ ಏನೂ ಇಲ್ಲ.

ವ್ರತದ ನೆರಳು: ಪ್ರತಿಜ್ಞೆ, ಟೊಪ್ಪಿಗೆ, ಮದುವೆ

ನಮ್ಮ ನರ್ಸಿಂಗ್ ಕಾಲೇಜುಗಳಲ್ಲಿ ಹೊಸ ವಿದ್ಯಾರ್ಥಿಗಳು ವಾರ್ಡಿಗೆ ಇಳಿಯುವ ಮೊದಲು ದೀಪ ಹಿಡಿದು ಪ್ರತಿಜ್ಞೆ ಮಾಡುವ ಸಮಾರಂಭ ಇರುತ್ತದೆ. ಪ್ರತಿಜ್ಞೆಗೆ ನೈಟಿಂಗೇಲ್ ಹೆಸರಿದ್ದರೂ ಅದನ್ನು ಬರೆದವಳು ಅವಳಲ್ಲ. ವೈದ್ಯರ ಹಿಪ್ಪಾಕ್ರಟಿಸ್ ಪ್ರತಿಜ್ಞೆಯನ್ನು ಮಾದರಿಯಾಗಿಟ್ಟುಕೊಂಡು 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಲಿಸ್ಟ್ರಾ ಗ್ರೆಟರ್ ಮುಂದಾಳತ್ವದ ಸಮಿತಿ ಅದನ್ನು ಸಿದ್ಧಮಾಡಿತು. ದೇವರ ಮುಂದೆ, ಈ ಸಭೆಯ ಎದುರಿಗೆ, ಶುದ್ಧ ಜೀವನ ನಡೆಸುತ್ತೇನೆ, ವೈದ್ಯರಿಗೆ ನಿಷ್ಠೆಯಿಂದ ನೆರವಾಗುತ್ತೇನೆ ಎಂಬ ಮಾತುಗಳು ಅದರಲ್ಲಿವೆ. ಬ್ರಹ್ಮಚರ್ಯ, ವಿಧೇಯತೆ ಎಂಬ ಮಠದ ವ್ರತಗಳ ನೆರಳು ಇಲ್ಲಿ ಬಿದ್ದಿದೆ. ಡಾಕ್ಟರ್ ಬರೆದ ಔಷಧದ ಪ್ರಮಾಣ ತಪ್ಪೆಂದು ಕಂಡರೆ ತಡೆದು ಕೇಳುವುದು ಇಂದಿನ ನರ್ಸಿನ ಕರ್ತವ್ಯ. ಬರೀ ವಿಧೇಯತೆಯನ್ನೇ ಕಲಿಸಿದರೆ ರೋಗಿಗೆ ಅಪಾಯ. ಹಾಗಾಗಿ ಹಲವು ದೇಶಗಳಲ್ಲಿ ಪ್ರತಿಜ್ಞೆಯ ಮಾತುಗಳನ್ನು ತಿದ್ದಿಕೊಂಡಿದ್ದಾರೆ.

ಮುಸುಕಿನ ವಂಶದ ಟೊಪ್ಪಿಗೆ ಬಹಳ ಕಡೆ ಹೋಗಿದೆ. ಕಾರಣ ಸರಳ. ಬಾಗಿ ಕೆಲಸ ಮಾಡುವಾಗ ಅದು ಸಲೈನಿನ ನಳಿಗೆ, ಪರದೆಗೆ ತಾಗುತ್ತದೆ, ದಿನಾ ಒಗೆಯುವುದು ಕಷ್ಟ, ಪಿನ್ನು ಸಡಿಲವಾಗಿ ಗಾಯದ ಮೇಲೆ ಬೀಳಬಹುದು. ಸೋಂಕು ತಡೆಯುವುದಕ್ಕೆ ಅದರಿಂದ ಉಪಯೋಗವೂ ಇಲ್ಲ.

ಮದುವೆಯ ನಿರ್ಬಂಧ ಇದಕ್ಕಿಂತ ಗಟ್ಟಿಯಾಗಿ ನಿಂತಿತು. ಸನ್ಯಾಸಿನಿಯಂತೆ ನರ್ಸೂ ಮದುವೆಯಾಗಬಾರದು, ಮದುವೆಯಾದರೆ ಕೆಲಸ ಬಿಡಬೇಕು ಎಂಬ ನಿಯಮ ಹಲವು ದೇಶಗಳಲ್ಲಿ ದಶಕಗಳ ಕಾಲ ಇತ್ತು. ಭಾರತದ ಮಿಲಿಟರಿ ನರ್ಸಿಂಗ್ ಸೇವೆಯಲ್ಲಿ 1988ರಲ್ಲಿ ಒಬ್ಬ ಲೆಫ್ಟಿನೆಂಟನ್ನು ಮದುವೆಯ ಕಾರಣಕ್ಕೆ ಸೇವೆಯಿಂದ ಬಿಡುಗಡೆ ಮಾಡಲಾಗಿತ್ತು. ಇದಕ್ಕೆ ಆಧಾರವಾಗಿದ್ದ 1977ರ ಸೇನಾ ಸೂಚನೆಯನ್ನು 1995ರಲ್ಲಿ ಹಿಂದಕ್ಕೆ ಪಡೆದರು. ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ಫೆಬ್ರುವರಿಯಲ್ಲಿ ತೀರ್ಪು ಕೊಟ್ಟು, ಇದು ಸ್ಪಷ್ಟ ಲಿಂಗ ತಾರತಮ್ಯ ಎಂದು ಹೇಳಿ, 60 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ಆ ಒಂದು ಆದೇಶಕ್ಕೆ ಹೆಣ್ಣುಮಗಳೊಬ್ಬಳ 36 ವರ್ಷ ಹಿಡಿಯಿತು.

‘ಶುಶ್ರೂಷೆ’ಯ ಬೇರು

ಸಿಸ್ಟರ್ ಕ್ರೈಸ್ತ ಹೆಸರು, ಶುಶ್ರೂಷಾಧಿಕಾರಿ ಶುದ್ಧ ಸರ್ಕಾರಿ ಹೆಸರು ಎಂದು ತೋರುತ್ತದೆ. ಆದರೆ ‘ಶುಶ್ರೂಷೆ’ಯೂ ಗುರುಕುಲದಿಂದ ಬಂದ ಮಾತು. ಸಂಸ್ಕೃತದ ‘ಶ್ರು’ ಧಾತುವಿಗೆ ಕೇಳು ಎಂದರ್ಥ. ಶುಶ್ರೂಷೆ ಎಂದರೆ ಕೇಳಬೇಕೆಂಬ ಬಯಕೆ. ಗುರುವಿನ ಮಾತು ಕೇಳಲು ಬಯಸುವ ಶಿಷ್ಯ ಅವನ ಸೇವೆಗೆ ನಿಲ್ಲುತ್ತಾನೆ, ಹಾಗೆ ಆ ಪದಕ್ಕೆ ಸೇವೆ ಎಂಬ ಅರ್ಥ ಕೂಡಿತು, ಆಮೇಲೆ ರೋಗಿಯ ಆರೈಕೆ ಎಂಬುದು.

ಆಯುರ್ವೇದ ಬಳಸಿದ ಪದ ಬೇರೆ. ಚರಕ ಸಂಹಿತೆಯ ಸೂತ್ರಸ್ಥಾನ ಚಿಕಿತ್ಸೆಗೆ ನಾಲ್ಕು ಪಾದ ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ ಇರಬೇಕಾದ ನಾಲ್ಕು ಗುಣಗಳು ಉಪಚಾರದ ತಿಳಿವಳಿಕೆ, ದಕ್ಷತೆ, ಅನುರಾಗ, ಶುಚಿತ್ವ. ಪಟ್ಟಿಯಲ್ಲಿ ತಿಳಿವಳಿಕೆ ಮೊದಲು, ಪ್ರೀತಿ ಆಮೇಲೆ ಬಂದಿರುವುದನ್ನು ಗಮನಿಸಬೇಕು. ನರ್ಸಿಂಗ್ ಎಂದರೆ ಬರೀ ಕರುಣೆ ಸಾಕು ಎನ್ನುವವರು ಇದನ್ನು ಓದಬೇಕು ಅನಿಸುತ್ತದೆ.

ವಾರ್ಡಿನಲ್ಲಿ ಯಾರು ಯಾರು

ಸರ್ಕಾರಿ ಆಸ್ಪತ್ರೆಯಲ್ಲಿ ಹಾಸಿಗೆಯ ಪಕ್ಕದ ಕೆಲಸ ಶುಶ್ರೂಷಾಧಿಕಾರಿಯದು, ಅವರ ಮೇಲೆ ಹಿರಿಯ ಶುಶ್ರೂಷಾಧಿಕಾರಿ, ಇಡೀ ಆಸ್ಪತ್ರೆಯ ನರ್ಸಿಂಗ್ ಹೊಣೆ ಶುಶ್ರೂಷಾಧೀಕ್ಷಕರದು. ಹಳಬರು ‘ಮೇಟ್ರನ್’ ಎನ್ನುವುದು ಇವರನ್ನೇ. ಖಾಸಗಿ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್, ವಾರ್ಡ್ ಇನ್‌ಚಾರ್ಜ್, ಸೂಪರ್‌ವೈಸರ್, ನರ್ಸಿಂಗ್ ಸೂಪರಿಂಟೆಂಡೆಂಟ್ ಎಂಬ ಸಾಲು ಸಾಮಾನ್ಯ. ಇಂಗ್ಲೆಂಡಿನ ಅರ್ಥದ ‘ಸಿಸ್ಟರ್’ ಹುಡುಕುವುದಾದರೆ ಅದು ವಾರ್ಡ್ ಇನ್‌ಚಾರ್ಜ್. ಔಷಧದ ದಾಸ್ತಾನು, ಬೀಗ ಹಾಕಿಡುವ ಮಾದಕ ಔಷಧದ ಲೆಕ್ಕ, ಡ್ಯೂಟಿ ಹಂಚಿಕೆ ಇವರ ಕೈಯಲ್ಲಿರುತ್ತದೆ.

ಎಡವಟ್ಟು ಆಗುವುದು ಎಲ್ಲಿ ಎಂದರೆ, ಯೂನಿಫಾರ್ಮ್ ಹಾಕಿದ ಎಲ್ಲರನ್ನೂ ‘ಸಿಸ್ಟರ್’ ಎಂದು ಕರೆದು ಕೇಳಿದಾಗ. ಬೋಧಕ ಆಸ್ಪತ್ರೆಗಳಲ್ಲಿ ಬೆಳಗಿನ ಹೊತ್ತು ವಾರ್ಡಿನ ತುಂಬ ನರ್ಸಿಂಗ್ ವಿದ್ಯಾರ್ಥಿಗಳಿರುತ್ತಾರೆ. ಬಿ.ಪಿ. ನೋಡುವುದು, ಹಾಸಿಗೆ ಸರಿಪಡಿಸುವುದು ಅವರು ಮಾಡಿಯಾರು. ಇಂಜೆಕ್ಷನ್ ಏಕೆ ತಪ್ಪಿತು, ಆಪರೇಷನ್ ಯಾವಾಗ ಎಂಬುದಕ್ಕೆ ಉತ್ತರ ಕೊಡುವ ಅಧಿಕಾರ ಅವರಿಗಿಲ್ಲ. ‘ಸಿಸ್ಟರಿಗೆ ಹೇಳಿದ್ದೆವು’ ಎಂದು ಮನೆಯವರು ನಂಬಿ ಕೂತಿರುತ್ತಾರೆ, ಹೇಳಿದ್ದು ಮಾತ್ರ ಡ್ಯೂಟಿಯಲ್ಲಿರುವ ನರ್ಸನ್ನು ತಲುಪಿರುವುದೇ ಇಲ್ಲ. ವಾರ್ಡ್ ಇನ್‌ಚಾರ್ಜ್ ಸಾಮಾನ್ಯವಾಗಿ ಹಗಲು ಪಾಳಿಯಲ್ಲಿ ಇರುತ್ತಾರೆ. ರಾತ್ರಿ ತೊಂದರೆಯಾದರೆ ಆ ಪಾಳಿಯ ನರ್ಸನ್ನು, ಅಲ್ಲಿ ಬಗೆಹರಿಯದಿದ್ದರೆ ರಾತ್ರಿಯ ಸೂಪರ್‌ವೈಸರನ್ನು ಕೇಳಬೇಕು. ಗುರುತಿನ ಚೀಟಿಯಲ್ಲಿ ಹೆಸರು, ಹುದ್ದೆ ಎರಡನ್ನೂ ಓದಿಕೊಂಡು, ಹೇಳಿದ ಸಮಯ ಗುರುತಿಟ್ಟುಕೊಂಡರೆ ಮುಂದೆ ಕೇಸ್ ಶೀಟಿನಲ್ಲಿ ಆ ಪಾಳಿಯ ಬರಹ, ಸಹಿ ಹುಡುಕುವುದು ಸುಲಭ. ಬೆಲ್ಟಿನ ಬಣ್ಣ, ಭುಜದ ಪಟ್ಟಿ ನೋಡಿ ದರ್ಜೆ ಊಹಿಸಬೇಡಿ, ಅದು ಆಸ್ಪತ್ರೆಗೊಂದು ಬಗೆ.

ಹಳ್ಳಿಯ ‘ಸಿಸ್ಟರ್’ ಬೇರೆಯೇ. ಉಪಕೇಂದ್ರದಲ್ಲಿ ಬಸುರಿಯರ, ಕೂಸುಗಳ ಲಸಿಕೆ ನೋಡಿಕೊಳ್ಳುವ ಎಎನ್‌ಎಂ ಎರಡು ವರ್ಷದ ತರಬೇತಿ ಪಡೆದವರು, ಅವರ ಈಗಿನ ಹೆಸರು ‘ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿ’. ಜಿಎನ್‌ಎಂ ಮೂರು ವರ್ಷ, ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ. ಆಶಾ ಕಾರ್ಯಕರ್ತೆ ನರ್ಸ್ ಅಲ್ಲ, ಇಂಜೆಕ್ಷನ್ ಕೊಡುವುದು ಅವರ ಕೆಲಸವಲ್ಲ. ಬೆಳಗಾವಿಯ ದಂಡಿನ ಆಸ್ಪತ್ರೆಯಲ್ಲಿ ಮಿಲಿಟರಿ ನರ್ಸಿಂಗ್ ಸೇವೆಯವರು ಲೆಫ್ಟಿನೆಂಟ್, ಕ್ಯಾಪ್ಟನ್, ಮೇಜರ್ ಹೀಗೆ ಸೇನೆಯ ದರ್ಜೆ ಹೊಂದಿದ ಅಧಿಕಾರಿಗಳು.

ವಿದೇಶಕ್ಕೆ ಅರ್ಜಿ ಹಾಕುವವರು ಇಷ್ಟು ನೆನಪಿಡಬೇಕು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಹೊಸದಾಗಿ ಸೇರುವ ನೋಂದಾಯಿತ ನರ್ಸಿಗೆ ಸಂಬಳದ ಶ್ರೇಣಿ ಬ್ಯಾಂಡ್ 5, ‘ಸಿಸ್ಟರ್’ ಅಥವಾ ‘ಚಾರ್ಜ್ ನರ್ಸ್’ ಬ್ಯಾಂಡ್ 6 ಇಲ್ಲವೇ 7, ‘ಮೇಟ್ರನ್’ ಸಾಮಾನ್ಯವಾಗಿ 8ಎ. ಇಲ್ಲಿನ ಅನುಭವ ಪತ್ರದಲ್ಲಿ ‘ಸಿಸ್ಟರ್ ಆಗಿ ಕೆಲಸ’ ಎಂದು ರೂಢಿಯಲ್ಲಿ ಬರೆಸಿಕೊಂಡರೆ ಅಲ್ಲಿನವರು ವಾರ್ಡ್ ನಡೆಸಿದ ಅನುಭವ ಎಂದು ತಿಳಿದು, ಸಂದರ್ಶನದಲ್ಲಿ ಅದನ್ನೇ ಕೇಳುತ್ತಾರೆ. ನೇಮಕಾತಿ ಆದೇಶದಲ್ಲಿ ಇರುವ ಹುದ್ದೆಯನ್ನೇ ಬರೆಸಿ, ನೋಂದಣಿ ಪ್ರಮಾಣಪತ್ರದ ಹೆಸರಿಗೆ ಅಕ್ಷರ ಅಕ್ಷರ ಹೊಂದುತ್ತದೆಯೇ ನೋಡಿಕೊಳ್ಳಿ. ಜರ್ಮನಿ 2004ರಲ್ಲಿ ‘ಕ್ರಾಂಕೆನ್‌ಶ್ವೆಸ್ಟರ್’ ಹೆಸರನ್ನು ಕಾನೂನಿನಿಂದ ತೆಗೆಯಿತು. 2020ರಿಂದ ಅಲ್ಲಿ ಅರ್ಹತೆ ಪಡೆದ ಹೆಂಗಸು ‘ಫ್ಲೇಗೆಫಾಖ್‌ಫ್ರಾವ್’, ಗಂಡಸು ‘ಫ್ಲೇಗೆಫಾಖ್‌ಮಾನ್’. ಮಾನ್ಯತೆಯ ಅರ್ಜಿಯಲ್ಲಿ ತುಂಬಬೇಕಾದದ್ದು ಈ ಹೆಸರುಗಳನ್ನು. ವಾರ್ಡಿನಲ್ಲಿ ಮುದುಕ ರೋಗಿಗಳು ‘ಶ್ವೆಸ್ಟರ್’ ಎಂದು ಕರೆದರೆ ಮಾತ್ರ ಅದು ನಿಮ್ಮನ್ನೇ ಎಂದು ತಿಳಿಯಿರಿ, ಅಲ್ಲಿಯೂ ಹಳೆಯ ಹೆಸರು ಜನರ ಬಾಯಲ್ಲಿ ಉಳಿದಿದೆ.